ಹೊಳೆದಂಡೆಯ ಕೂಗು

ಬೆಟ್ಟದೂರು ಚರಸಾನಿಯಲ್ಲಿ ಲಾ ಪಾಸ್ ನಗರದ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು. ತಂಗಿ ಬಸೀಲಿಯಾಳ ಬೆನ್ನಿಗೆ ಕಟ್ಟಿದ ಕಂಬಳಿಯಲ್ಲಿ ಅವಳ ಮಗಳು ಯೂಲಿಸಾ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು.

“ಹೊಳೆಗೆ ಬಿದ್ದಾಗಿಂದ ಹಿಂಗೇ ಕಣಕ್ಕಾ. ಊಟ ಇಲ್ಲ, ಮಾತಿಲ್ಲ.”

“ಹೆದ್ರಿ ಜೀವ ಅಲ್ಲೇ ಉಳ್ಕೊಂಡದೆ. ಊರವರ ಜೀವ ಎಲ್ಲ ಅಪ್ಪನೇ ಅಲ್ವಾ ದಂಡೇಲಿ ನಿಂತು, ಹೆಸರು ಕೂಗಿ ಕರ್ಕೊಂಡು ಬರ್ತಿದ್ದಿದ್ದು.”

“ಲಕ್ವ ಹೊಡೆದ ಮೇಲೆ ಅಪ್ಪನ ಬಾಯಿಂದ ಒಂದು ಮಾತೂ ಹೊರಡಲ್ವಲ್ಲ.”

“ನೀನಾದ್ರೂ ಕೂಗ್ಬೇಕಿತ್ತು.”

“ಕೂಗ್ದೆ. ಇವಳನ್ನ ಬೆನ್ನಿಗೆ ಕಟ್ಕೊಂಡು ದಂಡೇಲಿ ನಿಂತು, ಅಪ್ಪ ಮಾಡ್ತಿದ್ದಂಗೆ ಇವಳ ಟೋಪಿ ಹಿಡ್ಕೊಂಡು, ಗಂಟಲು ಬೀಳೋವರೆಗೂ ‘ಯೂಲಿಸಾ, ಬಾರೇ’ ಅಂದೆ.”

“ಆಮೇಲೆ?”

“ಆಗೊಂದೇ ಸಲ ಬಾಯಿ ಬಿಟ್ಳು. ‘ಯಾರನ್ನ ಕರೀತಿದೀಯಮ್ಮಾ?’ ಅಂತ ಕೇಳಿದ್ಳು.”

ಬಸ್ಸು ಬಂತು. ಅಕ್ಕ ಮಗುವಿನ ಕಾಲನ್ನು ಕಂಬಳಿಯೊಳಗೆ ಸೇರಿಸಿ, ತಂಗಿಯನ್ನು ಹತ್ತಿಸಿದಳು.