‘ಬುಡ ಬುಡು’ ಎಂದವನ ಸಹಿ

ಬಿದಿರು ಕಡಿಯಲು ನನ್ನ ಅಜ್ಜಿಗೆ ಅಪ್ಪಣೆ ಕೊಟ್ಟವನೇ ಅವಳನ್ನು ಕಳ್ಳಿ ಎಂದು ಹಿಡಿಸಿದ್ದಾನೆ. ಬುಡ ಬಿಟ್ಟು ಕಡಿದದ್ದನ್ನು ಕಣ್ಣಾರೆ ಕಂಡವನು, ಬುಡಸಮೇತ ಕಿತ್ತಿದ್ದಾಳೆಂದು ಸಹಿ ಹಾಕಿದ್ದಾನೆ. ನನ್ನ ದೂರು ಇದು.

ನನ್ನ ಹೆಸರು ತನುಶ್ರೀ, ವಯಸ್ಸು 22, ಮೇದ ಜನಾಂಗ, ಪರಿಶಿಷ್ಟ ಪಂಗಡ. ಕಸುಬು ಮೊರ, ಬುಟ್ಟಿ ಹೆಣೆಯುವುದು. ನಾಗಮಂಗಲದ ಒಂದು ಜೆರಾಕ್ಸ್ ಅಂಗಡಿಯಲ್ಲೂ ಕೆಲಸ. ವಾಸ ಹೊಣಕೆರೆ ಹೋಬಳಿ, ಮೇದರಕೊಪ್ಪಲು. ಠಾಣೆಗೆ ನಾನಾಗಿಯೇ ಬಂದು ತಿಳಿಸುವುದೇನೆಂದರೆ:

ನಮ್ಮ ಕೊಪ್ಪಲಿನವರು ತಲೆಮಾರುಗಳಿಂದ ಬೊಮ್ಮವ್ವನ ಗುಡ್ಡದ ಬಿದಿರಿನಿಂದ ಬದುಕಿದ್ದೇವೆ. ಆ ಗುಡ್ಡ ಈಗ ಮೀಸಲು ಅರಣ್ಯ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಕಡಿಯುತ್ತೇವೆ. ಕಡಿಯುವ ಮೊದಲು ಮನೆಯ ಹಿರಿಯ ಹೆಂಗಸು ಗುಡ್ಡದ ಕೆಳಗೆ ನಿಂತು, ಎಷ್ಟು ಬೊಂಬು ಬೇಕೆಂದು ಕೂಗಿ ಕೇಳಬೇಕು. ಅವಳ ಮಗಳ ಮಗ ಮೇಲಿನ ಬಂಡೆಯ ಹಿಂದೆ ನಿಂತು, ಗುಡ್ಡದ ಪರವಾಗಿ “ತಕ್ಕೋ, ಬುಡ ಬುಡು” ಎಂದು ಉತ್ತರ ಕೊಡಬೇಕು. ಆ ಮಾತು ಬರುವವರೆಗೆ ಯಾರೂ ಕತ್ತಿ ಮುಟ್ಟುವುದಿಲ್ಲ. ಬಂದ ಮೇಲೆ ಎಳೆಯದನ್ನು ಬಿಟ್ಟು, ಬಲಿತದ್ದನ್ನು ನೆಲದಿಂದ ಎರಡು ಗಿಣ್ಣು ಮೇಲಕ್ಕೆ ಕಡಿಯುತ್ತೇವೆ. ಬುಡ ಉಳಿದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಇದನ್ನು ನಮಗೆ ಯಾವ ಇಲಾಖೆಯೂ ಕಲಿಸಲಿಲ್ಲ. ಈ ಕಡೆಯ ವಾಕ್ಯ ಹೇಳಿಕೆಗೆ ಬೇಡವೆಂದು ಬರೆದುಕೊಳ್ಳುತ್ತಿರುವ ಮುಖ್ಯ ಪೇದೆ ಯಶೋದಮ್ಮನವರು ಹೇಳಿದರು. ಇರಲಿ ಎಂದೂ, ಮುಂದೆ ಬರುವ ಮಾತುಗಳನ್ನು ಆಡಿದಂತೆಯೇ ಬರೆಯಬೇಕೆಂದೂ ಕೇಳಿಕೊಂಡಿದ್ದೇನೆ.

2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬಿದಿರು ಕಿರು ಅರಣ್ಯ ಉತ್ಪನ್ನ. ಹಿಂದಿನಿಂದ ಅದನ್ನು ತಂದು ಬದುಕಿದ ಬುಡಕಟ್ಟಿನವರಿಗೆ ಅದರ ಹಕ್ಕಿದೆ. ಅಂಗಡಿಗೆ ನಕಲು ತೆಗೆಯಲು ಬಂದ ಒಂದು ಕಿರುಪುಸ್ತಕದಲ್ಲಿ ಇದನ್ನು ಓದಿ, ಗ್ರಾಮಸಭೆಯ ಮೂಲಕ ಅರ್ಜಿ ಹಾಕಿಸಿದವಳು ನಾನು. ಅರ್ಜಿಯಲ್ಲಿ ಮೊದಲ ಹೆಸರು ನನ್ನ ಅಜ್ಜಿ ಚಿಕ್ಕಬೋರಮ್ಮನದು, ವಯಸ್ಸು 68. ಇದೇ ತಿಂಗಳ 19ರಂದು ಪಾಂಡವಪುರದ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಅದರ ವಿಚಾರಣೆ ಇದೆ.

ದಿನಾಂಕ 10.11.2024ರ ಭಾನುವಾರ ಮಧ್ಯಾಹ್ನ ಅರುಣ್ ನಮ್ಮ ಮನೆಗೆ ಬಂದನು. ಅವನು ನನ್ನ ಸೋದರತ್ತೆಯ ಮಗ, ಅರಣ್ಯ ಇಲಾಖೆಯಲ್ಲಿ ವಾಚರ್. ನಾಲ್ಕು ವರ್ಷದಿಂದ ಗುಡ್ಡದ ಪರವಾಗಿ ಉತ್ತರ ಕೊಡುವವನು ಅವನೇ. ಅರ್ಜಿ ತೀರ್ಮಾನವಾಗುವ ತನಕ ಕಡಿಯುವುದು ಬೇಡ ಎಂದು ನಾನು ಹೇಳಿದೆನು. ಅದಕ್ಕೆ ಅವನು, “ಪುಸ್ತಕ ಓದ್ಕಂಡು ಎದ್ರುಕೊತೀಯಲ್ಲಮ್ಮಿ. ಪದ್ಧತಿ ಒಂದ್ವರ್ಸ ನಿಂತೋದ್ರೆ ಅರ್ಜಿಗೇ ಏಟು. ಮಂಗ್ಳಾರ ಬನ್ನಿ, ಮೇಲೆ ನಾನಿರ್ತೀನಿ” ಎಂದನು. ಖಾಕಿ ಇಕ್ಕಂಡು ಬೊಮ್ಮವ್ವನ ಮಾತಾಡೀಯೇನ್ಲಾ ಎಂದು ಅಜ್ಜಿ ರೇಗಿಸಿದಳು. “ಬಿಚ್ಚಾಕಿ ಬತ್ತೀನಿ ಬುಡಜ್ಜಿ” ಎಂದು ನಕ್ಕನು. ಮುದ್ದೆ, ಉಪ್ಸಾರು ಉಂಡನು. ಎರಡನೇ ಮುದ್ದೆಯನ್ನು ಕೇಳಿ ಹಾಕಿಸಿಕೊಂಡನು.

12ರ ಮಂಗಳವಾರ ಬೆಳಿಗ್ಗೆ 7 ಗಂಟೆಗೆ ಅಜ್ಜಿಯೂ ನಾನೂ ಗುಡ್ಡದ ಕೆಳಗೆ ಇದ್ದೆವು. ಅಜ್ಜಿ, “ಬೊಮ್ಮವ್ವಾ, ನಲ್ವತ್ ಬೊಂಬು ಬೇಕು ಕಣವ್ವಾ, ತಕ್ಕಳ್ಲಾ?” ಎಂದು ಕೂಗಿದಳು. ಉತ್ತರ ಈ ಸಲ ತಡವಾಯಿತು. ಗುಡ್ಡಕ್ಕೂ ವಯಸ್ಸಾಯ್ತು ಎಂದು ಅಜ್ಜಿ ನಕ್ಕಳು. ಆಮೇಲೆ ಬಂಡೆಯ ಹಿಂದಿನಿಂದ “ತಕ್ಕೋ, ಬುಡ ಬುಡು” ಎಂಬ ಅರುಣನ ದನಿ ಬಂತು.

ಅಜ್ಜಿ ಒಂಬತ್ತು ಬೊಂಬು ಕಡಿದಿದ್ದಳು. ಆಗ ಅದೇ ಬಂಡೆಯ ಹಿಂದಿನಿಂದ ಫಾರೆಸ್ಟರ್ ಚಲುವರಾಜು, ಇಬ್ಬರು ಗಾರ್ಡುಗಳು ಮತ್ತು ಅರುಣ್ ಇಳಿದು ಬಂದರು. ಅರುಣ್ ಖಾಕಿಯಲ್ಲಿದ್ದನು. ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿದ್ದನು.

ಯಾರನ್ನು ಕೇಳಿ ಕಡಿದಿರೆಂದು ಚಲುವರಾಜು ಕೇಳಿದರು. ಅಜ್ಜಿ ಅವರಿಗೆ ಉತ್ತರ ಕೊಡದೆ ಅರುಣನ ಕಡೆ ತಿರುಗಿ, “ತಕ್ಕೋ ಅಂದೋನು ಯಾರ್ಲಾ ಮಗಾ?” ಎಂದಳು. ಚಲುವರಾಜು, “ಗುಡ್ಡನೇ ಅಂದಿರ್ಬೇಕು ಕಣಜ್ಜಿ. ಕೋರ್ಟಿಗೆ ಅದ್ನೇ ಸಾಕ್ಷಿ ಕರ್ಸು” ಎಂದರು. ಗಾರ್ಡುಗಳು ನಕ್ಕರು. ಅವರ ಜೊತೆ ಅರುಣನೂ ನಕ್ಕನು.

ಬೊಂಬುಗಳನ್ನೂ ಅಜ್ಜಿಯ ಕತ್ತಿಯನ್ನೂ ಜಪ್ತಿ ಮಾಡಿದರು. ಆ ಕತ್ತಿಯ ಹಿಡಿ ಅವಳ ಬೆರಳುಗಳ ಅಚ್ಚಿಗೆ ಸವೆದಿದೆ, ಬೇರೆಯವರ ಕೈಗೆ ಕೂರುವುದಿಲ್ಲ. ಸಂಜೆ 4ರವರೆಗೆ ಅವಳನ್ನು ಅವರ ಕಚೇರಿಯ ಜಗಲಿಯಲ್ಲಿ ಕೂರಿಸಿ, ನೋಟಿಸು ಕೊಟ್ಟು ಕಳಿಸಿದರು. ಮಹಜರಿನಲ್ಲಿ ‘ಒಂಬತ್ತು ಬಿದಿರುಗಳನ್ನು ಬುಡಸಮೇತ ಕಿತ್ತು’ ಎಂದಿದೆ. ಕೆಳಗೆ ಮೊದಲ ಸಾಕ್ಷಿಯ ಸಹಿ ಅರುಣನದು. ಕೇಸು ಬಿದ್ದವರ ಪದ್ಧತಿಯನ್ನು ಪಾಂಡವಪುರದಲ್ಲಿ ಯಾರು ಒಪ್ಪುತ್ತಾರೆ ನೋಡುತ್ತೇನೆಂದು ಚಲುವರಾಜು ನನಗೆ ಹೇಳಿದರು.

ಆ ಕಚೇರಿಯ ಗೇಟಿನ ಹತ್ತಿರ ಅರುಣನನ್ನು ತಡೆದು ಕೇಳಿದೆನು. “ಸಹಿ ಆಕ್ದಿದ್ರೆ ನನ್ ಕೆಲ್ಸ ಓಯ್ತದೆ ಕಣಮ್ಮಿ. ಕಾಡೂ ಉಳೀಬೇಕಲ್ವಾ?” ಎಂದನು. “ಕಾಡು ಉಳೀಲಿ ಅಂತಲ್ವಾ ಬಾವ, ನಿನ್ ಬಾಯಲ್ಲಿ ಬುಡ ಬುಡು ಅನ್ಸೋದು?” ಎಂದೆನು. ಅವನು ಬೈಕು ಹತ್ತಿ ಹೊರಟುಹೋದನು.

ಕಾಡು ಕಾಯುವ ಕಾನೂನಿಗೆ ನಾನು ವಿರೋಧಿಯಲ್ಲ. ಬುಡ ಕಿತ್ತವರು ಯಾರೇ ಇರಲಿ, ಹಿಡಿಯಲಿ. ನನ್ನ ಅಜ್ಜಿಗೆ ಓದು ಬರುವುದಿಲ್ಲ. ಮಹಜರನ್ನು ನಾನು ಓದಿ ಹೇಳಿದಾಗ ‘ಬುಡಸಮೇತ’ ಎಂಬ ಆ ಒಂದು ಪದವನ್ನು ಎರಡು ಸಲ ಓದಿಸಿದಳು. “ಕಳ್ಳಿ ಅಂದ್ರೆ ಅಂದ್ಕಳ್ಲಿ. ನನ್ ಮಗಳ ಮಗನೇ ಬುಡ ಕಿತ್ಲು ಅಂದ್ಬುಟ್ನಲ್ಲ” ಎಂದಳು. ಅಂದಿನಿಂದ ಮನೆಯಲ್ಲಿದ್ದ ಹಳೆಯ ಬೊಂಬನ್ನೂ ಸೀಳಿಲ್ಲ.

ಒಂಬತ್ತು ಬುಡಗಳೂ ಎರಡು ಗಿಣ್ಣಿನೊಂದಿಗೆ ಈಗಲೂ ನೆಲದಲ್ಲಿವೆ. ವಿಚಾರಣೆಯ ಒಳಗೆ ಯಾರಾದರೂ ಅವನ್ನು ಕಿತ್ತುಹಾಕಿದರೆ ಮಹಜರೇ ನಿಜವಾಗಿಬಿಡುತ್ತದೆ. ಆದ್ದರಿಂದ ತಾವು ಮೊದಲೇ ಬಂದು ನೋಡಬೇಕು, ಅರುಣನನ್ನೂ ಕರೆಸಬೇಕು. ಅಜ್ಜಿ ಅಲ್ಲೇ ನಿಂತು ಮತ್ತೆ ಕೂಗಿ ಕೇಳುತ್ತಾಳೆ. ಅವನು ತಮ್ಮೆಲ್ಲರ ಎದುರು ಉತ್ತರ ಕೊಡಲಿ.

ನಾನು ಹೇಳಿದ್ದೇ ಇಲ್ಲಿದೆ, ಹೇಳದ್ದು ಇಲ್ಲಿಲ್ಲ. ಓದಿಸಿ ಕೇಳಿದ ಮೇಲೆ ಸಹಿ ಹಾಕಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14.11.2024
(ಸಹಿ) ತನುಶ್ರೀ

ನನ್ನ ಸಮಕ್ಷಮ: (ಸಹಿ) ಯಶೋದಮ್ಮ, ಮುಖ್ಯ ಪೇದೆ

ಷರಾ: ಸ್ಥಳ ಪರಿಶೀಲನೆಗೆ ಹಾಜರಿರಲು ವಾಚರ್ ಅರುಣ್‌ಗೆ ತಿಳಿಸಲಾಗಿದೆ. ಬೊಮ್ಮವ್ವನ ಗುಡ್ಡದ ಕೆಳಗೆ, ಭಾನುವಾರ 17.11.2024, ಬೆಳಿಗ್ಗೆ 7 ಗಂಟೆಗೆ.