ವಾರಗಿತ್ತಿಯ ಬೇಲಿ ಪಕ್ಕದ ಹುಲ್ಲು

ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಅಜ್ಜಿ ಹೇಳುತ್ತಿದ್ದ ಕತೆಯ ಹೊಟ್ಟೆಕಿಚ್ಚಿನ ಹಿರಿರಾಣಿಯೇ ನನ್ನ ಪಕ್ಕ ಬಂದು ಕೂತಂತಿತ್ತು. ಜೊತೆಗಿದ್ದ ತವರೂರಿನ ಗೆಳತಿ ಅಣ್ಣಮ್ಮ ಆಕೆಯನ್ನು ರುಕ್ಮಿಣಕ್ಕ ಅನ್ನುತ್ತಿದ್ದಳು. ಇಬ್ಬರೂ ಬಾಣಾವರದ ಬಸ್ಸಿಗೆ ಕಾಯುತ್ತಿದ್ದರು.

"ಗುಡ್ಡಕ್ಕೆ ಬೆಂಕಿ ಬೀಳ್ದಂಗೆ ಕಾಯೋ ಗುಂಪಿಗೆ ನಿಮ್ ನಯನಾನೇ ಲೀಡ್ರಂತೆ?"

"ಹೂಂ ಕಣೇ, ನನ್ ವಾರಗಿತ್ತಿ ಈಗ ಮಹಾರಾಣಿ. ಕತ್ತಿಗೆ ಸೀಟಿ ಬೇರೆ ನೇತಾಕ್ಕೊಂಡವ್ಳೆ. ಹೋದ್ವರ್ಷ ಹೊಗೆ ಕಂಡು ಊರೆಲ್ಲ ಕೂಗಿ ಕರ್ದೋಳು ನಾನು!"

"ಫಾರೆಸ್ಟ್‌ನೋರ ಮುಂದೆ ಚೆನ್ನಾಗಿ ಮಾತಾಡಿದ್ಳಂತೆ."

"ಮಾತಿಗೇನು? ಕುಡ್ಲು ಹಿಡಿದ್ರೆ ಬೆರಳು ಕುಯ್ಕೊಂತಾಳೆ."

"ಬೆಂಕಿ ದಾಟ್ದಂಗೆ ಗುಡ್ಡದ ಬುಡದಾಗೆ ಹುಲ್ಲು ಸವರೋದು ಮುಗೀತಾ? ನಿಮ್ಮನೆ ಕಡೆ ನಿಮ್ದೇ ಸರದಿ ಅಲ್ವಾ?"

"ನನ್ ಹಿತ್ಲುದ್ದಕ್ಕೂ ಸವರಿವ್ನಿ. ಅವ್ಳ ಬೇಲಿ ಪಕ್ಕದ್ದು ಬಿಟ್ಟಿವ್ನಿ. ಲೀಡ್ರಲ್ವಾ, ಸೀಟಿ ಊದಿ ಆರಿಸ್ಕೊಳ್ಲಿ."

ಅಣ್ಣಮ್ಮ ನಗಲಿಲ್ಲ.

"ಅಯ್ಯೋ ಅಕ್ಕ, ನಡುವೆ ಹಂಗೆ ಬಿಟ್ರೆ ಬೆಂಕಿ ಅಲ್ಲೇ ನುಗ್ಗತ್ತೆ. ನಿಮ್ಮಿಬ್ರದೂ ಒಂದೇ ಕೊಟ್ಟಿಗೆ, ಅದೂ ಆ ಬೇಲಿ ಪಕ್ಕಾನೇ."

"ಇವತ್ತೇ ಬೀಳತ್ತಾ?"

"ಬಿಸಿಲು ನೋಡಿ ಹೆಂಗೈತೆ. ದನ ಯಾರು ನೋಡ್ಕೊಂತವ್ರೆ?"

"ಅವ್ಳೇ. ನೀವು ತವರಿಗೆ ಹೋಗ್ಬನ್ನಿ ಅಕ್ಕ, ನಾನಿದೀನಿ ಅಂದ್ಳು. ನನ್ ಹಸೂಗೂ ಈಗ ಅವ್ಳೇ ಬೇಕು."

ಬಾಣಾವರದ ಬಸ್ಸು ಬಂತು. ಅಣ್ಣಮ್ಮ ಚೀಲ ಎತ್ತಿಕೊಂಡಳು. ರುಕ್ಮಿಣಕ್ಕ ಎದ್ದರೂ ಹತ್ತಲಿಲ್ಲ.

"ನೀನೋಗು. ನಾಳೆ ಬತ್ತೀನಿ ಅಂತ ನಮ್ಮವ್ವಂಗೆ ಹೇಳು."

"ಹುಲ್ಲು ಸವರೋಕೆ ಹೊಂಟ್ರಾ?"

"ಹಸೂಗೋಸ್ಕರ ಕಣೇ, ಅವ್ಳಿಗಲ್ಲ. ಸವರ್ದೋಳು ರುಕ್ಮಿಣಮ್ಮ ಅಂತ ಮಾತ್ರ ಊರಿಗೆಲ್ಲ ಗೊತ್ತಾಗ್ಬೇಕು!"

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ವಾಪಸ್ ತನ್ನೂರು ಗೆಂಡೆಹಳ್ಳಿಯ ಬಸ್ಸಿನತ್ತ ಓಡಿದಳು.