ಜಲೀಲರ ದೋಣಿ ನೀರಿಗಿಳಿಯುವ ದಿನ ಸೋತವನ ಮಾತು

ಸಭೆಯ ಅಧ್ಯಕ್ಷತೆ ವಹಿಸಿರುವ ದ್ವೀಪ ಮಂಡಳಿಯ ಲುಬ್ನಾ ಅವರೇ, ದುವಾ ಮಾಡಿ ಕಾರ್ಯಕ್ರಮ ಆರಂಭಿಸಿಕೊಟ್ಟ ಇಮಾಮರೇ, ಹೊಸ ದೋಣಿಯ ಒಡೆಯರೂ ನನ್ನ ಭಾವನೂ ಆದ ಜಲೀಲರೇ, ಬಲಗಡೆ ಕುಳಿತ ಕಿತ್ತಳೆ ಅಂಗಿಯ ಸಭಿಕರೇ, ಎಡಗಡೆ ಕುಳಿತ ನೇರಳೆ ಅಂಗಿಯ ಸಭಿಕರೇ, ನಡುವೆ ಯಾರೂ ಕೂರದ ಖಾಲಿ ಕುರ್ಚಿಗಳೇ, ಎಲ್ಲರಿಗೂ ಸಲಾಂ.

ಈ ಸಮಾರಂಭಕ್ಕೆ ಮುಖ್ಯ ಅತಿಥಿಯಾಗಿ ಬರಬೇಕಾಗಿದ್ದವರು ಹೊಸ ಮೀನುಗಾರಿಕೆ ಸಚಿವರು. ಅವರಿಗೆ ಬಿಡುವಾಗದ ಕಾರಣ ನನ್ನನ್ನು ಕರೆದರು. ಬೇಸರವಿಲ್ಲ. ಎರಡನೆಯವನಾಗುವುದು ನನಗೀಗ ಅಭ್ಯಾಸವಾಗಿದೆ.

ನಗಬಹುದು, ಎರಡೂ ಕಡೆಯವರು ನಗಬಹುದು.

ಎರಡು ತಿಂಗಳ ಹಿಂದೆ ನಾನು ಮಾಲ್ಡೀವ್ಸಿನ ರಾಷ್ಟ್ರಾಧ್ಯಕ್ಷ ಸ್ಥಾನಕ್ಕೆ ನಿಂತು ಸೋತೆ. ಈಗ ಚೆನ್ನಾಗಿ ನಿದ್ದೆ ಬರುತ್ತದೆಯೇ ಎಂದು ಪತ್ರಿಕೆಯವರು ಕೇಳಿದ್ದರು, ಬರುತ್ತದೆ ಎಂದೆ. ನಿನ್ನೆ ಅಕ್ಕನ ಮನೆಯಲ್ಲಿ ಮಲಗಿದ್ದೆ. ಬೆಳಿಗ್ಗೆ ಅಕ್ಕ ನಾಶಿದಾ ಚಹಾ ಕೊಡುತ್ತಾ, "ಕೊಕ್ಕೊ, ನಿದ್ದೇಲಿ ಏನೋ ಪ್ರಮಾಣವಚನ ಹೇಳ್ತಿದ್ಯಲ್ಲೋ, ಪೂರ್ತಿ ಬಾಯಿಪಾಠ ಇದೆ ನಿಂಗೆ," ಎಂದಳು. ನಮ್ಮಲ್ಲಿ ತಮ್ಮ ಮುದುಕನಾದರೂ ಅಕ್ಕನಿಗೆ ಕೊಕ್ಕೊನೇ. ಇರಲಿ, ಅದನ್ನು ಇಲ್ಲಿ ಹೇಳಬೇಕಾಗಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ನನ್ನ ಬೆನ್ನ ಹಿಂದೆ ಇರುವ ಈ ದೋಣಿ ಚುನಾವಣೆಯ ವಾರವೇ ಸಿದ್ಧವಾಗಿತ್ತು. ಮರದ ದೋಣಿ ದಡದಲ್ಲಿ ಒಣಗುತ್ತಾ ಕೂತರೆ ಹಲಗೆಗಳು ಬಾಯಿ ಬಿಡುತ್ತವೆ. ಅಲ್ಲಿ ಹವಳದಿಬ್ಬದ ಆಚೆ ಟ್ಯೂನಾ ಬಂದಿದೆ. ಇಲ್ಲಿ ಹದಿನೈದು ಮನೆಗಳ ಅನ್ನ ದಿಮ್ಮಿಗಳ ಮೇಲೆ ಕೂತಿದೆ. ಯಾಕೆ ಕೂತಿದೆ? ಎಳೆಯುವ ತೋಳುಗಳಿಲ್ಲವೇ? ಇವೆ. ಹಗ್ಗವಿಲ್ಲವೇ? ಇದೆ. ಇಲ್ಲದಿರುವುದು ಒಂದು ಕೂಗು.

ನಮ್ಮಲ್ಲಿ ದೋಣಿ ಎಳೆಯುವವರಿಗೆ ಕೂಗು ಹಾಕಿಕೊಡುವವರು ಹಿರಿಯರಾದ ತುತ್ತು ಬೇ. ಅವರು ಕೂಗಿದಾಗ ಎಳೆಯಬೇಕು, ನಿಲ್ಲಿಸಿದಾಗ ಉಸಿರು ಬಿಡಬೇಕು. ಅವರು ಕೂಗದೆ ಈ ದ್ವೀಪದಲ್ಲಿ ಯಾವ ದೋಣಿಯೂ ನೀರು ಮುಟ್ಟಿಲ್ಲ. ಆದರೆ ತುತ್ತು ಬೇ ನೇರಳೆಯವರು. ನನ್ನವರು. ದೋಣಿ ಗೆದ್ದ ಕಿತ್ತಳೆ ಪಕ್ಷದವರದು, ಅದರ ಹೊಟ್ಟೆಗೆ ಬಳಿದದ್ದೂ ಕಿತ್ತಳೆ ಬಣ್ಣ. ಕಳೆದ ಶುಕ್ರವಾರ ಕಿತ್ತಳೆಯವರೇ ಕೂಗಿಲ್ಲದೆ ಎಳೆಯಲು ಹೋದರು. ಒಬ್ಬ ಮುಂಚೆ ಎಳೆದ, ಇನ್ನೊಬ್ಬ ಆಮೇಲೆ ಎಳೆದ. ದೋಣಿ ದಿಮ್ಮಿಯಿಂದ ಜಾರಿ ಪಕ್ಕಕ್ಕೆ ವಾಲಿತು. ಜಲೀಲರ ಕಾಲು ಸ್ವಲ್ಪದರಲ್ಲಿ ಉಳಿಯಿತು. ನನ್ನವರು ಜೆಟ್ಟಿಯ ಹತ್ತಿರ ಕುಳಿತು ಅದನ್ನು ನೋಡುತ್ತಿದ್ದರಂತೆ.

ಈ ಸುದ್ದಿ ರಾಜಧಾನಿ ಮಾಲೆಗೆ ಮುಟ್ಟಿದ ದಿನವೇ ನಾನು ಹೊರಟುಬಂದೆ. ಇವತ್ತು ಬೆಳಿಗ್ಗೆ ತುತ್ತು ಬೇ ಮನೆಗೆ ಹೋಗಿದ್ದೆ. ಅವರು ಎಲೆ ಅಡಿಕೆ ಮುಂದಿಟ್ಟು ಅಂದರು, "ನೀನು ಸೋತಿಲ್ಲ ಮಾರಾಯ. ಸೋಲಿಸಿದ್ರು."

"ಯಾರು ಸೋಲಿಸಿದ್ದು?"

"ಇನ್ಯಾರು? ಆ ಮಾಲೆಯವರು."

"ಅಯ್ಯೋ ತುತ್ತು ಬೇ, ಮಾಲೆಯಲ್ಲಿ ನಾನು ಗೆದ್ದಿದ್ದೇನೆ. ಸೋತದ್ದು ಇಲ್ಲಿ, ನಿಮ್ಮ ಮನೆ ಎದುರಿನ ಶಾಲೇಲಿ!"

"ಹಂಗಾದ್ರೆ ದೋಣೀಲಿ ಬರ್ತಾ ಪೆಟ್ಟಿಗೆ ಬದಲಾಯಿಸಿದ್ದಾರೆ."

ಸಭಿಕರೇ, ಈ ಮಾತು ಎಡಗಡೆ ಕುಳಿತ ಬಹಳ ಮಂದಿಯ ಮನಸ್ಸಿನಲ್ಲಿದೆ ಎಂದು ನನಗೆ ಗೊತ್ತು. ಅದಕ್ಕೇ ಇದನ್ನು ಮೈಕಿನ ಮುಂದೆ ಹೇಳುತ್ತಿದ್ದೇನೆ. ನಮ್ಮ ಪೆಟ್ಟಿಗೆ ಯಾವ ದೋಣಿಯನ್ನೂ ಹತ್ತಲಿಲ್ಲ. ಮತ ಹಾಕಿದ್ದು ಶಾಲೆಯಲ್ಲಿ, ಎಣಿಸಿದ್ದೂ ಅದೇ ಕೋಣೆಯಲ್ಲಿ. ಒಂದೊಂದು ಮತಪತ್ರವನ್ನೂ ಎತ್ತಿ ತೋರಿಸಿದರು. ನಮ್ಮ ಪ್ರತಿನಿಧಿ ಎದುರಿಗೇ ಕುಳಿತಿದ್ದರು. ಎಲ್ಲ ಮುಗಿದ ಮೇಲೆ ಅವರೇ ಫೋನ್ ಮಾಡಿ, "ಸರ್, ಎಣಿಕೆ ಸರಿಯಾಗಿದೆ," ಎಂದರು. ಅಷ್ಟು ಹೇಳಿ ಅತ್ತರು. ನಾನೇನೂ ನಗುತ್ತಿರಲಿಲ್ಲ.

ಗೆದ್ದವರಿಗೆ ಅವತ್ತೇ ಫೋನ್ ಮಾಡಿ ಅಭಿನಂದಿಸಿದೆ. ಆದರೆ ನಿಮ್ಮ ಮುಂದೆ ನಿಂತಾಗ ಏನು ಹೇಳಿದೆ? "ಹೋರಾಟ ಮುಂದುವರಿಯುತ್ತದೆ" ಎಂದೆ. ಸೋತವರೆಲ್ಲ ಹೇಳುವ ಮಾತು ಅದು. ಇನ್ನೊಂದು ಮಾತು ಅದಕ್ಕಿಂತ ಚಿಕ್ಕದು, ಗಂಟಲಿನಿಂದ ಮೇಲೆ ಬರುವುದಿಲ್ಲ. ಆ ಮಾತನ್ನು ಈಗ ಹೇಳುತ್ತೇನೆ. ನಾನು ಸೋತೆ. ನ್ಯಾಯವಾಗಿ ಸೋತೆ. ಅವರು ಗೆದ್ದರು. ಅವರು ನನಗೂ ರಾಷ್ಟ್ರಾಧ್ಯಕ್ಷರು, ನಿಮಗೂ ರಾಷ್ಟ್ರಾಧ್ಯಕ್ಷರು.

ಗೆದ್ದವರಿಗೆ ಐದು ವರ್ಷದ ಕೆಲಸ ಇರುತ್ತದೆ. ಸೋತವನ ಮೊದಲ ಕೆಲಸ ಯಾವುದು? ತನಗಾಗಿ ಜಗಳ ಆಡಿದವರನ್ನು ಸಮಾಧಾನ ಮಾಡಿ ಅವರವರ ಮನೆಗೆ ಕಳುಹಿಸುವುದು. ಸರ್ಕಾರ ತಪ್ಪು ಮಾಡಿದರೆ ಕೇಳುತ್ತೇನೆ, ಗಟ್ಟಿಯಾಗಿಯೇ ಕೇಳುತ್ತೇನೆ, ಅದಕ್ಕೆ ನೀವು ಜೊತೆಗೆ ಬನ್ನಿ. ಆದರೆ ಜಲೀಲರ ದೋಣಿ ಸರ್ಕಾರವಲ್ಲ. ಅದು ದೋಣಿ.

ಇನ್ನೊಂದು ಸಂಗತಿ. ನನ್ನ ಅಕ್ಕ ಕಿತ್ತಳೆಗೆ ಮತ ಹಾಕಿದಳು. ಗಂಡನ ಮಾತು ಕೇಳಿ ಹಾಕಿದಳು ಎಂದು ನಾನು ತಿಳಿದಿದ್ದೆ. ನಿನ್ನೆ ಕೇಳಿದೆ.

"ಅವನ ಮಾತು ನಾನ್ಯಾವತ್ತು ಕೇಳಿದ್ದೀನೋ?" ಎಂದಳು. "ಅಮ್ಮ ಹೋದಾಗ ನೀನು ಎರಡೇ ದಿನ ಇದ್ದೆ. ನನ್ನ ಮಗಳ ಮದ್ವೆಗೆ ಒಂದು ಮಧ್ಯಾಹ್ನ ಬಂದೆ. ನೀನು ಗೆದ್ದಿದ್ರೆ ಈ ಕಡೆ ತಲೆ ಹಾಕ್ತಿದ್ಯಾ? ಸೋತ್ರಾದ್ರೂ ಬರ್ತೀಯ ಅಂತ ಹಾಕಿದೆ. ಬಂದೆ ತಾನೇ? ರೊಶಿ ತಿನ್ನು, ಆರಿಹೋಗ್ತದೆ."

ಎದುರಾಳಿಗೆ ಹಾಕಿದ ಮತ ಎಂದರೆ ದ್ವೇಷ ಎಂದು ಇಷ್ಟು ವರ್ಷ ತಿಳಿದಿದ್ದೆ. ಅಕ್ಕಾ, ಹಾಗೆ ತಲೆವಸ್ತ್ರ ಮುಖಕ್ಕೆ ಹಿಡಿದುಕೊಳ್ಳಬೇಡ, ಹೇಳಿ ಆಯಿತು.

ತುತ್ತು ಬೇ, ಈಗ ನಿಮ್ಮೊಡನೆ ಒಂದು ಮಾತು. ನನ್ನ ಹೆಸರನ್ನು ದ್ವೀಪದಿಂದ ದ್ವೀಪಕ್ಕೆ ಕೂಗಿ ಕೂಗಿ ನಿಮ್ಮ ಗಂಟಲು ಒಡೆದುಹೋಗಿತ್ತು. ಮತದಾನದ ದಿನ ನೀವು ಕೈಸನ್ನೆಯಲ್ಲಿ ಚಹಾ ಕೇಳುತ್ತಿದ್ದಿರಿ. ಆ ಋಣವನ್ನು ನಾನು ತೀರಿಸಲಾರೆ. ಈಗ ದನಿ ವಾಪಸು ಬಂದಿದೆ. ಅದು ನಿಮ್ಮದು, ಈ ದಡದ್ದು. ನನ್ನ ಸೋಲಿಗೆ ಅದನ್ನು ಕಟ್ಟಿಹಾಕಬೇಡಿ. ಆಜ್ಞೆ ಮಾಡಲು ನಾನು ಯಾರೂ ಅಲ್ಲ. ಆ ವಿಷಯವನ್ನು ದೇಶವೇ ತೀರ್ಮಾನಿಸಿದೆ.

ಉಬ್ಬರ ಏರಿದೆ, ಒಂದು ಗಳಿಗೆ ಮಾತ್ರ ನಿಲ್ಲುತ್ತದೆ. ಹೆಂಗಸರು ಬೊಂಡಿಬೈ ಸಿಹಿಯನ್ನ ಮಾಡಿ ಮುಚ್ಚಿಟ್ಟಿದ್ದಾರೆ, ದೋಣಿ ನೀರು ಮುಟ್ಟದೆ ಮುಚ್ಚಳ ತೆಗೆಯುವುದಿಲ್ಲವಂತೆ. ನಾನು ಈಗ ಕೆಳಗಿಳಿದು ಹಗ್ಗದ ಮುಂದಿನ ತುದಿ ಹಿಡಿಯುತ್ತೇನೆ. ಕೂಗುವವರಿಲ್ಲದಿದ್ದರೆ ನಾನೇ ಕೂಗುತ್ತೇನೆ. ಚಿಕ್ಕವನಿದ್ದಾಗ ತುತ್ತು ಬೇ ನನಗೂ ಕಲಿಸಲು ನೋಡಿದ್ದರು. ಮೂರೇ ಸಾಲಿಗೆ, "ಸಾಕು ನಿಲ್ಸೋ, ಮೀನೆಲ್ಲ ಓಡಿಹೋಗ್ತಾವೆ! ನೀನು ಮಾಲೆಗೆ ಹೋಗಿ ಓದ್ಕೋ," ಎಂದರು. ಹೋಗಿ ಓದಿಕೊಂಡೆ. ಅದರ ಪರಿಣಾಮವನ್ನು ಇಡೀ ದೇಶ ನೋಡಿದೆ. ದನಿ ಮಾತ್ರ ಹಾಗೆಯೇ ಇದೆ. ಹಗ್ಗ ಹಿಡಿಯುವವರು ಕಾಲು ಜೋಪಾನವಾಗಿ ಇಟ್ಟುಕೊಳ್ಳಿ. ಮೊದಲ ಸಾಲನ್ನು ಇಲ್ಲಿಯೇ ಒಮ್ಮೆ ಹೇಳಿ ನೋಡುತ್ತೇನೆ. ತಪ್ಪಿದರೆ ಗೊತ್ತಿರುವವರು ಕೂತಲ್ಲಿಂದಲೇ ತಿದ್ದಬೇಕು...

ಗಂಟಲು ಸರಿಮಾಡಿಕೊಂಡವರು ಯಾರು?

ಹಾಗಾದರೆ ನಾನು ಕೂಗುವುದಿಲ್ಲ. ತುತ್ತು ಬೇಗೆ ಯಾರಾದರೂ ಸ್ವಲ್ಪ ಬಿಸಿನೀರು ಕೊಡಿ. ಕರೆದವರಿಗೂ, ಬಾರದೆ ಉಳಿದು ನನಗೆ ಅವಕಾಶ ಕೊಟ್ಟ ಸಚಿವರಿಗೂ, ನನಗೆ ಮತ ಹಾಕಿದವರಿಗೂ, ಹಾಕದ ನನ್ನ ಅಕ್ಕನಿಗೂ ಕೃತಜ್ಞತೆಗಳು. ಇನ್ನು ನಾವೆಲ್ಲ ಕೇಳಬೇಕಾದದ್ದು ತುತ್ತು ಬೇ ಅವರ ದನಿಯನ್ನು. ನಾನು ಹಗ್ಗ ಹಿಡಿಯಲು ಹೋಗುತ್ತೇನೆ, ನಮಸ್ಕಾರ.